ಚೌಕದೊಳಗಿನ ಪಾಠ: ಕ್ಯೂಆರ್ ಕೋಡ್ ಶಾಲೆಗೆ ಬಂದ ದಾರಿ



ಚಹಾದಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ತರಕಾರಿ ಗಾಡಿಯ ತಕ್ಕಡಿಯ ಪಕ್ಕದಲ್ಲಿ, ದೇವಸ್ಥಾನದ ಹುಂಡಿಯ ಬದಿಯಲ್ಲಿ ಒಂದು ಕಪ್ಪು ಬಿಳುಪಿನ ಚೌಕ ಅಂಟಿಸಿರುವುದನ್ನು ನೀವೆಲ್ಲ ನೋಡಿದ್ದೀರಿ. 2016ರಲ್ಲಿ ಯುಪಿಐ ಬಂದ ಮೇಲೆ ಆ ಚೌಕಕ್ಕೆ ಫೋನು ಹಿಡಿದು ಹಣ ಕೊಡುವುದು ಹಳ್ಳಿಹಳ್ಳಿಗೂ ರೂಢಿಯಾಯಿತು. ಅದೇ ಬಗೆಯ ಚೌಕ ಮಕ್ಕಳ ಪಾಠದ ಪುಸ್ತಕದ ಪುಟದಲ್ಲೂ ಇದೆ. ಆದರೆ ಅಂಗಡಿಯ ಚೌಕವನ್ನು ದಿನಕ್ಕೆ ನಾಲ್ಕು ಸಲ ಬಳಸುವ ಮನೆಯವರು ಪುಸ್ತಕದ ಚೌಕವನ್ನು ಒಮ್ಮೆಯೂ ತೆರೆದು ನೋಡಿರಲಿಕ್ಕಿಲ್ಲ. ಅದು ಎಲ್ಲಿ ಹುಟ್ಟಿತು, ಶಾಲೆಗೆ ಹೇಗೆ ಬಂತು, ಎರಡು ಭಾಷೆಗಳ ನಡುವೆ ಬದುಕುವ ನಮ್ಮ ಗಡಿನಾಡಿನ ಮಕ್ಕಳಿಗೆ ಅದರಿಂದ ಏನು ಸಿಗಬಹುದು, ಏನು ಸಿಗದೆ ಹೋಗಬಹುದು ಎಂಬುದು ಇಂದಿನ ವಿಚಾರ.

ಮೊದಲು ಈ ಚೌಕದ ಅಣ್ಣನ ಕಥೆ. ಸೋಪು, ಬಿಸ್ಕತ್ತಿನ ಪೊಟ್ಟಣದ ಮೇಲೆ ಉದ್ದುದ್ದ ಗೆರೆಗಳ ಪಟ್ಟಿ ಇರುತ್ತದಲ್ಲ, ಅದು ಬಾರ್‌ಕೋಡ್. ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಎಂಬ ಇಬ್ಬರು ಇದರ ಕಲ್ಪನೆಗೆ 1952ರಲ್ಲಿ ಪೇಟೆಂಟ್ ಪಡೆದರು. ವುಡ್‌ಲ್ಯಾಂಡರಿಗೆ ತಂತಿ ಕಳಿಸುವ ಮೋರ್ಸ್ ಸಂಕೇತ ಗೊತ್ತಿತ್ತು. ಕಡಲ ತೀರದ ಮರಳಿನಲ್ಲಿ ಅದರ ಚುಕ್ಕಿ ಗೆರೆಗಳನ್ನು ಬೆರಳಿನಿಂದ ಕೆಳಗೆಳೆದಾಗ ಈ ಪಟ್ಟಿಯ ರೂಪ ಹೊಳೆಯಿತಂತೆ. ಹೊಳೆದದ್ದು ಅಂಗಡಿಗೆ ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 1974ರ ಜೂನ್ 26ರಂದು ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣ ಈ ಗೆರೆಗಳ ಮೂಲಕ ಮೊದಲ ಸಲ ಲೆಕ್ಕಕ್ಕೆ ಬಂತು.

ಗೆರೆಗಳ ಪಟ್ಟಿಗೆ ಒಂದು ಮಿತಿ ಇತ್ತು. ಅದು ಅಡ್ಡಕ್ಕೆ ಮಾತ್ರ ಓದುವ ಲಿಪಿ. ಇಪ್ಪತ್ತರಷ್ಟು ಅಕ್ಷರ ಹಿಡಿಸುವುದೇ ಕಷ್ಟ. ಜಪಾನಿನ ಐಚಿ ಪ್ರಾಂತದಲ್ಲಿ ಮೋಟಾರು ವಾಹನಗಳ ಬಿಡಿಭಾಗ ತಯಾರಿಸುವ ಡೆನ್ಸೊ ಕಂಪನಿಯ ಕಾರ್ಖಾನೆಗಳಲ್ಲಿ ಒಂದೊಂದು ಪೆಟ್ಟಿಗೆಗೆ ಹತ್ತರಷ್ಟು ಪಟ್ಟಿ ಅಂಟಿಸಬೇಕಾಗುತ್ತಿತ್ತು, ಕೆಲಸಗಾರರು ದಿನಕ್ಕೆ ಸಾವಿರದಷ್ಟು ಪಟ್ಟಿಗಳನ್ನು ಒಂದೊಂದಾಗಿ ಯಂತ್ರಕ್ಕೆ ತೋರಿಸಿ ಬೇಸತ್ತಿದ್ದರು. ಅವರ ದೂರನ್ನು ಕಿವಿಗೆ ಹಾಕಿಕೊಂಡವರು ಅಲ್ಲಿನ ಎಂಜಿನಿಯರ್ ಮಸಾಹಿರೊ ಹಾರಾ. ಊಟದ ಬಿಡುವಿನಲ್ಲಿ ಅವರು ಗೋ ಎಂಬ ಆಟ ಆಡುತ್ತಿದ್ದರು. ನಮ್ಮ ಹುಲಿಕಲ್ಲಿನ ಆಟದ ಹಾಗೆ ಅದರಲ್ಲೂ ಗೆರೆಗಳ ಮನೆ, ಅದರ ಮೇಲೆ ಕಪ್ಪು ಕಲ್ಲು, ಬಿಳಿ ಕಲ್ಲು. ಕಲ್ಲುಗಳನ್ನು ಅಡ್ಡಕ್ಕೂ ಉದ್ದಕ್ಕೂ ಇಟ್ಟು ಮಾಹಿತಿ ತುಂಬಬಹುದಲ್ಲ ಎಂದು ಅವರಿಗೆ ತೋರಿತು. 1994ರಲ್ಲಿ ಹೊಸ ಚೌಕ ಹೊರಬಂತು. ಅದಕ್ಕೆ ಇಟ್ಟ ಹೆಸರು ಕ್ವಿಕ್ ರೆಸ್ಪಾನ್ಸ್, ಅಂದರೆ ತಟ್ಟನೆ ಉತ್ತರ ಕೊಡುವುದು. ಅದರ ಚಿಕ್ಕ ರೂಪವೇ ಕ್ಯೂಆರ್.

ಆ ಚೌಕವನ್ನು ಒಮ್ಮೆ ಹತ್ತಿರದಿಂದ ನೋಡಿ. ಮೂರು ಮೂಲೆಗಳಲ್ಲಿ ಮೂರು ದೊಡ್ಡ ಕಣ್ಣುಗಳಿವೆ, ನಾಲ್ಕನೆಯ ಮೂಲೆಯಲ್ಲಿ ಇಲ್ಲ. ಇದರಿಂದ ಯಂತ್ರಕ್ಕೆ ಚೌಕದ ತಲೆ ಯಾವುದು, ಕಾಲು ಯಾವುದು ಎಂದು ತಿಳಿಯುತ್ತದೆ. ನೀವು ಪುಸ್ತಕವನ್ನು ತಲೆಕೆಳಗೆ ಹಿಡಿದರೂ ಅದು ಓದುತ್ತದೆ. ಆ ಕಣ್ಣನ್ನು ನಡುವೆ ಹಾದುಹೋಗುವ ಯಾವ ಗೆರೆಯಲ್ಲಿ ಅಳೆದರೂ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಎಂಬ ಪಟ್ಟೆಗಳು ಒಂದು, ಒಂದು, ಮೂರು, ಒಂದು, ಒಂದು ಎಂಬ ಪ್ರಮಾಣದಲ್ಲಿ ಸಿಗುತ್ತವೆ. ಹಾರಾ ಮತ್ತು ಅವರ ಜತೆಗಾರರು ಪತ್ರಿಕೆ, ಜಾಹೀರಾತು, ರಟ್ಟಿನ ಪೆಟ್ಟಿಗೆಗಳ ಮೇಲಿನ ಮುದ್ರಣವನ್ನೆಲ್ಲ ಜಾಲಾಡಿ, ಬೇರೆ ಮುದ್ರಣದಲ್ಲಿ ತೀರಾ ಅಪರೂಪಕ್ಕೆ ಕಾಣುವ ಈ ಪ್ರಮಾಣವನ್ನು ಆರಿಸಿದರು. ಹೀಗಾಗಿ ಎಷ್ಟೇ ಅಕ್ಷರಗಳ ನಡುವೆ ಚೌಕವಿದ್ದರೂ ಯಂತ್ರದ ಕಣ್ಣು ತಪ್ಪುವುದಿಲ್ಲ.

ಇನ್ನೊಂದು ಗುಣ ಶಾಲೆಗೆ ತುಂಬ ಉಪಯೋಗದ್ದು. ಮಕ್ಕಳ ಪುಸ್ತಕ ಎಂದ ಮೇಲೆ ಶಾಯಿ ಚೆಲ್ಲುತ್ತದೆ, ಎಣ್ಣೆಯ ಕೈ ಹತ್ತುತ್ತದೆ, ಮೂಲೆ ಹರಿಯುತ್ತದೆ. ಆದರೂ ಚೌಕ ಓದಲು ಬರುತ್ತದೆ. ಇದರ ಹಿಂದಿರುವುದು 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಗಣಿತಜ್ಞರು ಕಂಡುಕೊಂಡ ಲೆಕ್ಕ. ಸರಳವಾಗಿ ಹೇಳುವುದಾದರೆ, ನಾನು ನಿಮಗೆ ಮೂರು ಸಂಖ್ಯೆ ಬರೆದುಕೊಟ್ಟು ಅವುಗಳ ಮೊತ್ತವನ್ನೂ ಬರೆದುಕೊಟ್ಟರೆ, ಅದರಲ್ಲಿ ಒಂದು ಅಳಿಸಿಹೋದರೂ ಉಳಿದದ್ದರಿಂದ ನೀವು ಅದನ್ನು ಮತ್ತೆ ಕಂಡುಹಿಡಿಯುತ್ತೀರಿ. ಚೌಕದಲ್ಲಿಯೂ ಇಂಥ ಹೆಚ್ಚುವರಿ ಲೆಕ್ಕ ಸೇರಿಸಿರುತ್ತಾರೆ. ನಾಲ್ಕು ಮಟ್ಟಗಳಲ್ಲಿ, ಶೇಕಡಾ 7ರಿಂದ ಶೇಕಡಾ 30ರಷ್ಟು ಭಾಗ ಕೆಟ್ಟರೂ ಒಳಗಿನ ಮಾತು ಉಳಿಯುತ್ತದೆ.

ಡೆನ್ಸೊ ಕಂಪನಿ ಪೇಟೆಂಟ್ ಇಟ್ಟುಕೊಂಡರೂ, ನಿಯಮದಂತೆ ಈ ಚೌಕ ಬಳಸುವವರಿಂದ ಕಾಸು ಕೇಳಲಿಲ್ಲ. 2000ದಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. 2002ರಲ್ಲಿ ಜಪಾನಿನಲ್ಲಿ ಈ ಚೌಕ ಓದುವ ಮೊಬೈಲ್ ಫೋನು ಬಂತು. ಕಾರ್ಖಾನೆಯ ಪೆಟ್ಟಿಗೆಗೆ ಹುಟ್ಟಿದ್ದು ಜನರ ಕೈಗೆ ಬಂದದ್ದು ಹೀಗೆ. ಹಣ ಕೇಳಿದ್ದರೆ ಬಡ ಶಾಲೆಯ ಪುಸ್ತಕಕ್ಕೆ ಅದು ಬರುತ್ತಿತ್ತೇ ಎಂದು ಒಮ್ಮೆ ಯೋಚಿಸಿ ನೋಡಿ.

ಈಗ ನಮ್ಮ ನಾಡಿನ ಕಡೆ ತಿರುಗೋಣ. ಪಾಠವನ್ನು ಪುಸ್ತಕದ ಹೊರಗಿನಿಂದ ತರುವ ಯತ್ನ ನಮ್ಮಲ್ಲಿ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ಬಾನುಲಿ ಕೇಂದ್ರ ತೆರೆದು ಆಕಾಶವಾಣಿ ಎಂಬ ಹೆಸರಿಗೆ ಚಾಲನೆ ಕೊಟ್ಟರು. ಮುಂದೆ ರೇಡಿಯೋ ಪಾಠಗಳು ಬಂದವು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ದೂರದರ್ಶನದ ಪಾಠ ತಲುಪಿತು. ಸೈಟ್ ಎಂಬ ಆ ಪ್ರಯೋಗದಲ್ಲಿ ಕನ್ನಡವೂ ತೆಲುಗೂ ಇದ್ದವು. ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಒಂದು ವರ್ಷ ಮುಗಿದ ಮೇಲೆ ಉಪಗ್ರಹವನ್ನು ಅದರ ಒಡೆಯರು ಬೇರೆ ಕಡೆಗೆ ಸರಿಸಿಕೊಂಡರು, ಅದರ ಮೂಲಕ ಬರುತ್ತಿದ್ದ ಪಾಠ ನಿಂತಿತು. ಪಾಠ ದೂರದಿಂದ ಬರುವುದಾದರೆ, ಆ ದೂರದವನ ಕೈ ನಿಂತ ದಿನ ಪಾಠವೂ ನಿಲ್ಲುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಚೌಕಕ್ಕೂ ಇದು ಅನ್ವಯಿಸುತ್ತದೆ.

ಪಠ್ಯಪುಸ್ತಕಕ್ಕೆ ಚೌಕ ಬಂದ ಕಥೆಯಲ್ಲಿ ನಮ್ಮ ಸೋಲಾಪುರ ಜಿಲ್ಲೆಯ ಹೆಸರು ದೊಡ್ಡದಾಗಿ ಕೇಳಿಬರುತ್ತದೆ. ಮಾಢಾ ತಾಲ್ಲೂಕಿನ ಪರಿತೇವಾಡಿ ಎಂಬ ಸಣ್ಣ ಊರಿನ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಗೆ 2009ರಲ್ಲಿ ರಣಜಿತ್‌ಸಿಂಹ ಡಿಸಲೆ ಎಂಬ ತರುಣ ಮೇಷ್ಟ್ರು ಬಂದರು. ಶಾಲೆಯ ಕಟ್ಟಡ ದನದ ಕೊಟ್ಟಿಗೆಗೂ ಉಗ್ರಾಣಕ್ಕೂ ನಡುವೆ ಪಾಳುಬಿದ್ದಂತಿತ್ತು. ಮುಂದೆ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಕೊಟ್ಟ ವಾರ್ಕಿ ಪ್ರತಿಷ್ಠಾನದ ಪರಿಚಯ ಲೇಖನ ಹೇಳುವಂತೆ, ಮಕ್ಕಳ ಮನೆಮಾತು ಕನ್ನಡ, ಪುಸ್ತಕದ ಮಾತು ಬೇರೆ. ಎಷ್ಟೋ ಮಕ್ಕಳಿಗೆ ಪಾಠ ತಲೆಗೇ ಹೋಗುತ್ತಿರಲಿಲ್ಲ. ಮೇಷ್ಟ್ರು ಶ್ರಮಪಟ್ಟು ಕನ್ನಡ ಕಲಿತರು, ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಪುಸ್ತಕಗಳನ್ನು ಮಕ್ಕಳಿಗೆ ತಿಳಿಯುವಂತೆ ಮಾಡಿ, ಪಾಠಗಳಿಗೆ ಕ್ಯೂಆರ್ ಚೌಕ ಸೇರಿಸಿದರು. ಚೌಕ ತೆರೆದರೆ ಪದ್ಯದ ಧ್ವನಿ, ಪಾಠದ ವಿಡಿಯೋ, ಕಥೆ, ಮನೆಗೆಲಸ. ಹೆಣ್ಣುಮಕ್ಕಳು ತಪ್ಪದೆ ಶಾಲೆಗೆ ಬರತೊಡಗಿದರೆಂದೂ ಅದೇ ಲೇಖನ ದಾಖಲಿಸಿದೆ.

2017ರಲ್ಲಿ ಮಹಾರಾಷ್ಟ್ರ ಸರ್ಕಾರ ರಾಜ್ಯದ ಪಠ್ಯಪುಸ್ತಕಗಳಿಗೆ ಈ ಚೌಕ ಹಾಕುವುದಾಗಿ ಪ್ರಕಟಿಸಿತು. ಅದೇ ವರ್ಷ ಸೆಪ್ಟೆಂಬರ್ 5ರ ಶಿಕ್ಷಕರ ದಿನದಂದು ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ ಆರಂಭವಾಯಿತು. 2018ರಲ್ಲಿ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಚೌಕ ಬರುವ ಘೋಷಣೆಯಾಯಿತು. ತಮಿಳುನಾಡಿನ ಹೊಸ ಪುಸ್ತಕಗಳು ಆ ವರ್ಷ ಚೌಕದೊಂದಿಗೇ ಅಚ್ಚಾದವು. 2020ರ ಡಿಸೆಂಬರ್ 3ರಂದು ಲಂಡನ್ನಿನಿಂದ ಡಿಸಲೆ ಅವರಿಗೆ ಹತ್ತು ಲಕ್ಷ ಡಾಲರಿನ ಪ್ರಶಸ್ತಿ ಘೋಷಣೆಯಾದಾಗ ಅವರು ಅದರ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚುವುದಾಗಿ ಹೇಳಿದರು.

ಈ ಕಥೆಯಲ್ಲಿ ಜನ ಚೌಕವನ್ನು ನೆನಪಿಡುತ್ತಾರೆ, ಪ್ರಶಸ್ತಿಯ ಹಣವನ್ನು ನೆನಪಿಡುತ್ತಾರೆ. ಗಡಿನಾಡಿನವರಾದ ನಾವು ನೆನಪಿಡಬೇಕಾದ್ದು ಬೇರೆ. ಪರಿಚಯ ಲೇಖನದಲ್ಲಿ ಚೌಕಕ್ಕಿಂತ ಮೊದಲು ಬರುವುದು ಮಗುವಿನ ಮಾತನ್ನು ಮೇಷ್ಟ್ರು ಕಲಿತ ಸಂಗತಿ. ಚೌಕ ಬರೀ ಬಾಗಿಲು. ಬಾಗಿಲ ಹಿಂದೆ ಕನ್ನಡದಲ್ಲಿ ಮಾತಾಡುವವರು ಇದ್ದರೆ ಮಾತ್ರ ಮಗು ಒಳಗೆ ಹೋಗುತ್ತದೆ.

ನಮ್ಮ ಮಕ್ಕಳ ಸ್ಥಿತಿ ನಿಮಗೆ ಗೊತ್ತಿದ್ದದ್ದೇ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಎಳೆದಾಗ ಕಾಸರಗೋಡು ಕೇರಳದಲ್ಲಿ, ಹೊಸೂರು ತಾಳವಾಡಿ ಮದರಾಸಿನಲ್ಲಿ, ಮಡಕಶಿರಾ ರಾಯದುರ್ಗ ಆಂಧ್ರದಲ್ಲಿ, ಸೋಲಾಪುರ ಅಕ್ಕಲಕೋಟೆ ಜತ್ತ ಮುಂಬಯಿ ರಾಜ್ಯದಲ್ಲಿ ಉಳಿದವು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ಇದರಂತೆ ಮಹಾರಾಷ್ಟ್ರದಲ್ಲಿ 1967ರಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ಮರಾಠಿಯ ಜತೆ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತ ಬಂದಿದೆ. ಕೇರಳ ಸರ್ಕಾರವೂ ಕಾಸರಗೋಡಿನ ಮಕ್ಕಳಿಗೆ ಕನ್ನಡ ಪುಸ್ತಕ ಕೊಡುತ್ತದೆ. ಇನ್ನೊಂದೆಡೆ ರಾಜ್ಯಭಾಷೆ ಕಲಿಯುವ ಕಾನೂನುಗಳೂ ಬಂದಿವೆ: ತಮಿಳುನಾಡಿನಲ್ಲಿ 2006ರಲ್ಲಿ, ಕೇರಳದಲ್ಲಿ 2017ರಲ್ಲಿ, ಮಹಾರಾಷ್ಟ್ರದಲ್ಲಿ 2020ರಲ್ಲಿ. ಹೀಗಾಗಿ ಗಡಿಯ ಮಗುವಿಗೆ ಎರಡು ದಡವೂ ಬೇಕು. ಮನೆಯ ಕನ್ನಡ ಬಿಡಬಾರದು, ಕಚೇರಿ, ಆಸ್ಪತ್ರೆ, ಕಾಲೇಜಿನ ಮಾತು ಬಾರದೆ ಇರಬಾರದು.

ಅಚ್ಚಾದ ಪುಟ ಒಂದು ಭಾಷೆಯದು. ಎರಡು ಭಾಷೆಯ ಪುಟ ಮಾಡಿದರೆ ಪುಸ್ತಕ ದಪ್ಪವಾಗುತ್ತದೆ, ಬೆಲೆ ಏರುತ್ತದೆ, ಮಗುವಿನ ಚೀಲ ಭಾರವಾಗುತ್ತದೆ. ಇಲ್ಲಿ ಚೌಕಕ್ಕೆ ನಿಜವಾದ ಕೆಲಸವಿದೆ. ಮರಾಠಿ ಪಾಠದ ಪಕ್ಕದ ಚೌಕದಲ್ಲಿ ಅದರ ಕನ್ನಡ ಅರ್ಥವನ್ನು ಧ್ವನಿಯಾಗಿ ಇಡಬಹುದು. ಕನ್ನಡ ಮಾಧ್ಯಮದ ಮಗುವಿಗೆ ಮಲಯಾಳದ ಳ, ತಮಿಳಿನ ಒತ್ತು, ಸರಿಯಾದ ಉಚ್ಚಾರದಲ್ಲಿ ಕೇಳಿಸಬಹುದು. ಅಕ್ಷರ ಬಾರದ ತಾಯಿಯೂ ಮಗುವಿನ ಪಕ್ಕ ಕೂತು ಪಾಠ ಕೇಳಬಹುದು. ರೇಡಿಯೋದ ಪಾಠ ಒಮ್ಮೆ ಬಂದು ಹೋಗುತ್ತಿತ್ತು, ಕರೆಂಟು ಹೋದರೆ ತಪ್ಪಿಹೋಗುತ್ತಿತ್ತು. ಚೌಕದ ಪಾಠವನ್ನು ಮಗು ತನಗೆ ತಿಳಿಯುವ ತನಕ ಮತ್ತೆ ಮತ್ತೆ ಕೇಳಬಹುದು. 2020ರ ಜೂನ್ 1ರಂದು, ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, ಕೇರಳದಲ್ಲಿ ಫಸ್ಟ್ ಬೆಲ್ ಎಂಬ ದೂರಪಾಠ ಆರಂಭವಾಯಿತು. ಅದರಲ್ಲಿ ಕನ್ನಡ ಮಾಧ್ಯಮದ ಪಾಠಗಳೂ ಸಿದ್ಧವಾದವು. ಅವುಗಳನ್ನು ಸಿದ್ಧ ಮಾಡಿದ್ದು ಯಂತ್ರವಲ್ಲ, ಕನ್ನಡ ಬಲ್ಲ ಶಿಕ್ಷಕರು.

ಇಲ್ಲಿ ದೂರದ ಇನ್ನೊಂದು ಗಡಿಯೂರಿನ ಮಾತು ಹೇಳಬೇಕು. ಬ್ರಿಟನ್ನಿನಲ್ಲಿ ವೇಲ್ಸ್ ಎಂಬ ನಾಡಿದೆ. ಅಲ್ಲಿನವರಿಗೆ ವೆಲ್ಷ್ ಎಂಬ ಸ್ವಂತ ಭಾಷೆ ಇದೆ, ಸುತ್ತ ಇಂಗ್ಲಿಷು. ಇಂಗ್ಲೆಂಡಿನ ಗಡಿಗೆ ಅಂಟಿಕೊಂಡಿರುವ ಮಾನ್ಮತ್ ಎಂಬ ಪಟ್ಟಣದಲ್ಲಿ 2012ರ ಮೇ ತಿಂಗಳಲ್ಲಿ ಒಂದು ಪ್ರಯೋಗ ನಡೆಯಿತು. ಶಾಲೆ, ಅಂಗಡಿ, ವಸ್ತುಸಂಗ್ರಹಾಲಯ, ಹಳೆಯ ಕಟ್ಟಡ ಎಂದು ಊರ ತುಂಬ ಸಾವಿರಕ್ಕೂ ಹೆಚ್ಚು ಚೌಕ ಹಾಕಿದರು. ಮಳೆ ಬಿಸಿಲಿಗೆ ಸಿಕ್ಕುವ ಕಡೆ ಪಿಂಗಾಣಿ ಹಂಚಿನ ಮೇಲೆ ಅಚ್ಚು ಮಾಡಿಸಿದರು. ಅದರ ವಿಶೇಷ ಏನೆಂದರೆ, ಅದು ಒಂದೇ ಭಾಷೆಯ ಪುಟ ತೆರೆಯುವ ಚೌಕವಲ್ಲ. ಕ್ಯೂಆರ್‌ಪೀಡಿಯ ಎಂಬ ಆ ವ್ಯವಸ್ಥೆಯನ್ನು ಟೆರೆನ್ಸ್ ಈಡನ್ ಮತ್ತು ರೋಜರ್ ಬ್ಯಾಮ್‌ಕಿನ್ ಎಂಬವರು 2011ರಲ್ಲಿ ಇಂಗ್ಲೆಂಡಿನ ಡರ್ಬಿ ವಸ್ತುಸಂಗ್ರಹಾಲಯದಲ್ಲಿ ಮೊದಲು ಜಾರಿಗೆ ತಂದರು. ಅದು ಮೊದಲು ಫೋನಿನ ಭಾಷೆ ಯಾವುದೆಂದು ನೋಡುತ್ತದೆ. ವೆಲ್ಷ್ ಇದ್ದರೆ ವಿಕಿಪೀಡಿಯದ ವೆಲ್ಷ್ ಪುಟ, ಇಂಗ್ಲಿಷ್ ಇದ್ದರೆ ಇಂಗ್ಲಿಷ್ ಪುಟ, ಕನ್ನಡ ಇದ್ದರೆ ಕನ್ನಡ ಪುಟ. ಒಂದೇ ಗೋಡೆ, ಒಂದೇ ಚೌಕ, ಓದುವವನ ಮಾತು ಯಾವುದೋ ಅದೇ ಉತ್ತರ. ನಮ್ಮ ಎರಡು ಭಾಷೆಯ ಊರುಗಳಿಗೆ ಹೇಳಿ ಮಾಡಿಸಿದಂಥದ್ದು.

ಆದರೆ ಒಂದು ಷರತ್ತಿದೆ. ಆ ಭಾಷೆಯಲ್ಲಿ ಯಾರಾದರೂ ಮೊದಲೇ ಬರೆದಿಟ್ಟಿರಬೇಕು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ನಿಮ್ಮ ಊರಿನ ಕೋಟೆ, ಕೆರೆ, ಗುಡಿ, ಶಾಸನದ ಬಗ್ಗೆ ಅದರಲ್ಲಿ ಪುಟವಿದೆಯೇ? ಇಲ್ಲದಿದ್ದರೆ ಚೌಕ ಪಕ್ಕದ ಭಾಷೆಯ ಪುಟವನ್ನೇ ತೋರಿಸೀತು. ಆಗ ದೂರಬೇಕಾದ್ದು ಚೌಕವನ್ನಲ್ಲ.

ಗ್ರಂಥಾಲಯದ ವಿಚಾರಕ್ಕೆ ಬರೋಣ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಕಡೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿ 1972ರಲ್ಲಿ ಅಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬೀಗ ಹಾಕಿ ಕಾಯಲಿಕ್ಕಲ್ಲ, ಬಳಸಲಿಕ್ಕೆ. ಓದುಗನ ಸಮಯ ಉಳಿಯಬೇಕು. ಇದು ಅವರ ಮಾತಿನ ಸಾರ. ಹಳ್ಳಿಯ ವಾಚನಾಲಯದಲ್ಲಿ ಬೀರುವಿನ ಕೀಲಿ ಒಬ್ಬರ ಹತ್ತಿರ, ಪುಸ್ತಕದ ಪಟ್ಟಿ ಹಳೆಯ ರಿಜಿಸ್ಟರಿನಲ್ಲಿ. ಬೀರುವಿನ ಬಾಗಿಲಿಗೊಂದು ಚೌಕ ಅಂಟಿಸಿ ಅದರಲ್ಲಿ ಒಳಗಿನ ಪುಸ್ತಕಗಳ ಪಟ್ಟಿ ಇಟ್ಟರೆ, ಕೀಲಿ ಇಲ್ಲದಾಗಲೂ ಏನಿದೆ ಎಂದು ತಿಳಿಯುತ್ತದೆ. ಪುಸ್ತಕದ ಒಳರಟ್ಟಿಗೆ ಚೌಕ ಹಚ್ಚಿದರೆ ಕೊಟ್ಟದ್ದು ತಂದದ್ದರ ಲೆಕ್ಕ ಸುಲಭ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ತೆರೆದ ಭಾರತವಾಣಿಯಲ್ಲಿ ಹಲವು ಭಾಷೆಗಳ ನಿಘಂಟುಗಳಿವೆ. ಅದಕ್ಕೊಂದು ಚೌಕ ಓದುಮೇಜಿನ ಮೇಲಿದ್ದರೆ ಎರಡು ಭಾಷೆಯ ನಡುವೆ ತಡವರಿಸುವ ವಿದ್ಯಾರ್ಥಿಗೆ ನಿಘಂಟು ಕೈಗೆ ಬಂದಂತೆ.

ನೆಟ್‌ವರ್ಕ್ ಸಿಗದ ಊರಿನವರು ಇದೆಲ್ಲ ನಮಗಲ್ಲ ಎನ್ನಬೇಡಿ. ಚೌಕದಲ್ಲಿ ಎರಡು ಬಗೆ. ಒಂದರಲ್ಲಿ ಇಂಟರ್‌ನೆಟ್ಟಿನ ವಿಳಾಸ ಮಾತ್ರ ಇರುತ್ತದೆ, ಅದಕ್ಕೆ ನೆಟ್‌ವರ್ಕ್ ಬೇಕು. ಇನ್ನೊಂದರಲ್ಲಿ ಮಾತೇ ಇರುತ್ತದೆ, ಅದಕ್ಕೆ ಬೇಡ. ಅಂಕಿಗಳಾದರೆ ಒಂದು ಚೌಕದಲ್ಲಿ ಹೆಚ್ಚೆಂದರೆ 7089 ಹಿಡಿಯುತ್ತವೆ. ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತ ಚಿಹ್ನೆಗೆ ಕಂಪ್ಯೂಟರು ಸಾಮಾನ್ಯವಾಗಿ ಮೂರು ಬೈಟ್ ಜಾಗ ತೆಗೆದುಕೊಳ್ಳುವುದರಿಂದ, ಚಿಹ್ನೆಗಳನ್ನೂ ಸೇರಿಸಿ ಸಾವಿರದೊಳಗೆ ಹಿಡಿಸುತ್ತವೆ. ಪೂರ್ತಿ ತುಂಬಿದರೆ ಚೌಕ ತೀರಾ ಒತ್ತೊತ್ತಾಗಿ ಸಾಧಾರಣ ಫೋನು ಓದದು. ಆದರೆ ನಾಲ್ಕಾರು ಸಾಲಿನ ವಿವರಣೆ, ಹತ್ತು ಕಠಿಣ ಪದಗಳ ಅರ್ಥ ಧಾರಾಳವಾಗಿ ಕೂರುತ್ತವೆ. ದೀಕ್ಷಾದ ಪಾಠಗಳನ್ನೂ ನೆಟ್‌ವರ್ಕ್ ಇರುವ ಕಡೆ ಇಳಿಸಿಕೊಂಡು ಮನೆಯಲ್ಲಿ ನೋಡಬಹುದು. ಆ ಚೌಕಗಳ ಜತೆ ಆರು ಅಕ್ಷರ ಅಂಕಿಗಳ ಒಂದು ಗುರುತೂ ಅಚ್ಚಾಗಿರುತ್ತದೆ. ಕ್ಯಾಮೆರಾ ಕೆಟ್ಟಿದ್ದರೆ ಅದನ್ನು ಕೈಯಿಂದ ಒತ್ತಿದರೂ ಪಾಠ ತೆರೆಯುತ್ತದೆ.

ಇನ್ನು ಎಚ್ಚರದ ಮಾತು. ಉಪಗ್ರಹದ ಸಂಗತಿ ನೆನಪಿದೆಯಲ್ಲ? ಪುಸ್ತಕದಲ್ಲಿ ಅಚ್ಚಾದ ಚೌಕ ಹತ್ತು ವರ್ಷ ಹಾಗೇ ಇರುತ್ತದೆ. ಅದು ತೋರಿಸುವ ವಿಳಾಸದಲ್ಲಿ ಪಾಠ ಇರುತ್ತದೆಂಬ ಭರವಸೆ ಇಲ್ಲ. ಖರ್ಚು ನಿಂತರೆ, ಯೋಜನೆ ಬದಲಾದರೆ, ಬಾಗಿಲು ಉಳಿದು ಮನೆ ಇಲ್ಲದಂತಾಗುತ್ತದೆ. ಪುಸ್ತಕದ ಮಾತನ್ನು ಪುಸ್ತಕದಲ್ಲೇ ಪೂರ್ತಿ ಅಚ್ಚು ಮಾಡಬೇಕು. ಚೌಕ ಅದಕ್ಕೆ ಜೊತೆಯಾಗಬೇಕು, ಬದಲಿಯಾಗಬಾರದು. ಒಂದೇ ಫೋನಿರುವ ಮನೆಯಲ್ಲಿ ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೋ ಕೂಲಿಗೋ ಹೋಗಿರುತ್ತದೆ ಎಂಬುದನ್ನೂ ಮರೆಯಬಾರದು. ಚೌಕದ ಪಾಠವನ್ನು ಶಾಲೆಯಲ್ಲೇ ಎಲ್ಲರಿಗೂ ಕೇಳಿಸಿದರೆ ಬಡವರ ಮಗು ಹಿಂದೆ ಬೀಳುವುದಿಲ್ಲ. ಗೋಡೆಯ ಮೇಲೆ ಯಾರೋ ಅಪರಿಚಿತರು ಅಂಟಿಸಿದ ಚೌಕಕ್ಕೆ ಫೋನು ಹಿಡಿಯಬೇಡಿ. ನಿಮಗೆ ಹಣ ಬರಬೇಕಾದರೆ ನೀವು ಯಾವ ಚೌಕವನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ, ಗುಪ್ತ ಸಂಖ್ಯೆ ಒತ್ತಬೇಕಾಗಿಲ್ಲ ಎಂಬುದೂ ನೆನಪಿರಲಿ.

ಹಾಗಾದರೆ ನಾವು ಮಾಡುವುದೇನು? ಮಕ್ಕಳ ಕನ್ನಡ ಪುಸ್ತಕದ ಚೌಕಗಳನ್ನು ಒಂದು ಭಾನುವಾರ ಕೂತು ಒಂದೊಂದಾಗಿ ತೆರೆದು ನೋಡಿ. ಎಷ್ಟು ಕನ್ನಡದಲ್ಲಿ ಮಾತಾಡುತ್ತವೆ, ಎಷ್ಟು ಬೇರೆ ಭಾಷೆಯಲ್ಲಿ, ಎಷ್ಟು ತೆರೆಯುವುದೇ ಇಲ್ಲ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಪುಟದ ಸಂಖ್ಯೆ ಸಮೇತ ಆ ಪಟ್ಟಿಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ಕೊಡಿ, ಶಾಲಾ ಆಡಳಿತ ಸಮಿತಿಯ ಸಭೆಯಲ್ಲಿ ಓದಿ ಹೇಳಿ. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಕಲಿಸಿ ಎಂದು ಬರೀ ಕೂಗುವುದಕ್ಕಿಂತ, ಇಂಥ ಪುಟದ ಇಂಥ ಪಾಠ ಕನ್ನಡದಲ್ಲಿಲ್ಲ ಎಂದು ತೋರಿಸುವುದಕ್ಕೆ ತೂಕ ಹೆಚ್ಚು. ಜತೆಗೆ ಊರಿನ ಹಿರಿಯರ ಬಾಯಲ್ಲಿರುವ ಕಥೆ, ಬೀಸುವ ಹಾಡು, ಕೃಷಿಯ ಮಾತುಗಳನ್ನು ಅವರ ಒಪ್ಪಿಗೆ ಪಡೆದು ಫೋನಿನಲ್ಲೇ ಧ್ವನಿಮುದ್ರಿಸಿ, ಗ್ರಂಥಾಲಯದಲ್ಲಿ ಅದಕ್ಕೊಂದು ಚೌಕ ಮಾಡಿಡಿ. ಚೌಕ ತಯಾರಿಸಲು ಹಣ ಬೇಡ. ಅಕ್ಕಲಕೋಟೆಯ ಕನ್ನಡ, ತಾಳವಾಡಿಯ ಕನ್ನಡ, ಮಡಕಶಿರಾದ ಕನ್ನಡ, ಕುಂಬಳೆಯ ಕನ್ನಡ ಯಾವ ಪಠ್ಯಪುಸ್ತಕದಲ್ಲೂ ಅದರದೇ ಧಾಟಿಯಲ್ಲಿ ಸಿಗುವುದಿಲ್ಲ. ಅದು ಉಳಿಯುವುದು ಧ್ವನಿಯಲ್ಲಿ.

ಕಾರ್ಖಾನೆಯ ಪೆಟ್ಟಿಗೆ ಎಣಿಸಲು ಹುಟ್ಟಿದ ಚೌಕ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೂ ಬಂದಿದೆ. ಅದಕ್ಕೆ ಸ್ವಂತ ಮಾತಿಲ್ಲ, ನಾವು ಒಳಗೆ ಇಟ್ಟದ್ದನ್ನೇ ಅದು ಹೇಳುತ್ತದೆ. ಕನ್ನಡ ಇಡುವ ಕೆಲಸ ನಮ್ಮದು.